ಸೂರಿನ ಮೇಲೊಂದು ಸಂವರ

ಕಲಬುರಗಿಯಲ್ಲಿ ಮೇ ತಿಂಗಳ ರಾತ್ರಿ ಹತ್ತು ಗಂಟೆಗೆ ಒಂದಂತಸ್ತಿನ ಆರ್‌ಸಿಸಿ ಮನೆಯೊಳಗೆ ಸ್ಟೂಲು ಹತ್ತಿ ಸ್ಲ್ಯಾಬಿನ ಒಳಮೈಗೆ ಅಂಗೈ ಒತ್ತಿದರೆ, ರೊಟ್ಟಿ ಬಡಿಯುವುದು ಮುಗಿದು ಒಲೆ ಆರಿದ ಮೇಲೂ ಹಂಚಿನಲ್ಲಿ ಉಳಿದಿರುತ್ತದಲ್ಲ, ಅಂಥ ಬಿಸಿ ಕೈಗೆ ತಾಗುತ್ತದೆ. ಹೊತ್ತು ಮುಳುಗಿ ಮೂರು ತಾಸು ಕಳೆದಿದೆ. ಅಂಗಳದಲ್ಲಿ ಬೇವಿನ ಎಲೆ ಅಲುಗುವಷ್ಟು ಗಾಳಿ ಬಂದಿದೆ. ಮನೆಯೊಳಗೆ ಮಾತ್ರ ಮಧ್ಯಾಹ್ನ ಇನ್ನೂ ಮುಗಿದಿಲ್ಲ. ಹಗಲೆಲ್ಲ ಕುಡಿದ ಬಿಸಿಲನ್ನು ಕಾಂಕ್ರೀಟು ಈಗ ನಿಧಾನವಾಗಿ ಕೆಳಗೆ ಇಳಿಸುತ್ತಿದೆ, ಫ್ಯಾನು ಅದನ್ನೇ ಮಲಗಿದವರ ಮೈಮೇಲೆ ತಳ್ಳುತ್ತಿದೆ. ಇಂಥ ಮನೆಯನ್ನು ತಂಪಾಗಿಸಲು ಎರಡು ದಾರಿಗಳಿವೆ. ಬಿಸಿ ಒಳಗೆ ಬಾರದಂತೆ ಮಾಳಿಗೆಯ ಮೇಲೆ ಅಥವಾ ಅಟ್ಟದಲ್ಲಿ ತಡೆ ಹಾಕುವುದು ಒಂದು. ಬಂದ ಬಿಸಿಯನ್ನು ಯಂತ್ರದಿಂದ ಎತ್ತಿ ಹೊರಗೆ ಹಾಕುವುದು ಇನ್ನೊಂದು. ಸಾಮಾನ್ಯವಾಗಿ ಇದನ್ನು ಖರ್ಚು, ಕರೆಂಟ್ ಬಿಲ್ಲು, ಅನುಕೂಲಗಳ ಲೆಕ್ಕದಲ್ಲಿ ತೂಗುತ್ತೇವೆ. ಈ ಎರಡು ದಾರಿಗಳ ನಡುವೆ ಧರ್ಮದ ವ್ಯತ್ಯಾಸವೂ ಇದೆ ಎಂಬುದು ನನ್ನ ವಾದ. ಆ ವ್ಯತ್ಯಾಸವನ್ನು ನನಗೆ ಅತ್ಯಂತ ಸ್ಪಷ್ಟವಾಗಿ ಕಾಣಿಸಿದ್ದು ಜೈನ ದರ್ಶನ.

ಮೊದಲು ಬಿಸಿಯ ಸಂಗತಿ. ಮೋಡವಿಲ್ಲದ ನಡುಹಗಲಲ್ಲಿ ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಸುಮಾರು 1,000 ವ್ಯಾಟ್ ಬಿಸಿಲು ಬೀಳುತ್ತದೆ. ಪಾಚಿ, ಧೂಳು ಕಟ್ಟಿ ಕಪ್ಪಾದ ಸಿಮೆಂಟಿನ ಮೈ 60 ಡಿಗ್ರಿ ದಾಟುವುದು ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ದಿನದ ಮಾತು. ಅಲ್ಲಿಂದ ಒಳಗೆ ಎಷ್ಟು ಇಳಿಯುತ್ತದೆ ಎನ್ನುವುದು ನಡುವೆ ಏನಿದೆ ಎಂಬುದನ್ನು ಅವಲಂಬಿಸಿದೆ. ಕಾಂಕ್ರೀಟು ಥರ್ಮೊಕೋಲಿಗಿಂತ ಸುಮಾರು 45 ಪಟ್ಟು ಸಲೀಸಾಗಿ ಶಾಖವನ್ನು ದಾಟಿಸುತ್ತದೆ. ಐದು ಸೆಂಟಿಮೀಟರ್ ಥರ್ಮೊಕೋಲ್ ಹಾಳೆ ಮಾಡುವ ತಡೆಯನ್ನು ಬರೀ ಕಾಂಕ್ರೀಟಿನಿಂದ ಮಾಡಬೇಕಾದರೆ ಎರಡು ಮೀಟರಿಗಿಂತ ದಪ್ಪ ಸ್ಲ್ಯಾಬ್ ಬೇಕು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಕೋಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮೇಲ್ಮೈಗೂ ಒಳಗಿನ ಗಾಳಿಗೂ 35 ಡಿಗ್ರಿ ಅಂತರವಿದ್ದರೆ ಬರಿಯ ಸ್ಲ್ಯಾಬಿನಿಂದ ಸುಮಾರು 1,100 ವ್ಯಾಟ್ ಶಾಖ ಕೋಣೆಗೆ ಇಳಿಯುತ್ತದೆ. ಅದೇ ಸ್ಲ್ಯಾಬಿನ ಮೇಲೆ ಐದು ಸೆಂಟಿಮೀಟರ್ ತಡೆ ಇದ್ದರೆ 200ಕ್ಕೂ ಕಡಿಮೆ. ಕಾದ ಇಸ್ತ್ರಿಪೆಟ್ಟಿಗೆಯೊಂದನ್ನು ತಲೆಯ ಮೇಲೆ ತೂಗುಬಿಟ್ಟುಕೊಂಡು, ಅದನ್ನು ಆರಿಸದೆ, ಕೆಳಗೆ ಏಸಿ ಹಾಕಿಕೊಂಡಂತೆ ನಮ್ಮ ಬಹುಪಾಲು ಮನೆಗಳ ಸ್ಥಿತಿ.

ಹಿಂದಿನವರಿಗೆ ವ್ಯಾಟಿನ ಲೆಕ್ಕ ಗೊತ್ತಿರಲಿಲ್ಲ, ತಡೆಯ ಲೆಕ್ಕ ಗೊತ್ತಿತ್ತು. ಬಯಲುಸೀಮೆಯ ಮೇಲ್ಮುದ್ದೆಯ ಮನೆಯ ಮಾಳಿಗೆಯನ್ನು ಅಡ್ಡ ಸೀಳಿ ನೋಡಿದರೆ ಕೆಳಗೆ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಒತ್ತಾಗಿ ಹರವಿದ ಕಟ್ಟಿಗೆ, ಸೊಪ್ಪು, ಅದರ ಮೇಲೆ ಗೇಣುದ್ದಕ್ಕೂ ಮಿಕ್ಕಿ ಮಣ್ಣು. ಎಲ್ಲಕ್ಕಿಂತ ಮೇಲೆ ನೀರು ಇಳಿಯದಂತೆ ಕರಲು ಮಣ್ಣಿನ ಹೊದಿಕೆ. ಅಷ್ಟು ಪದರ ದಾಟಿ ಬರುವ ಹೊತ್ತಿಗೆ ಹಗಲಿನ ಬಿಸಿಲು ಸುಸ್ತಾಗಿರುತ್ತದೆ. ಮಲೆನಾಡು ಮತ್ತು ಕರಾವಳಿಯಲ್ಲಿ ಇದೇ ಕೆಲಸವನ್ನು ಅಟ್ಟ ಮಾಡಿತು. ಹೆಂಚು ಕಾಯುತ್ತದೆ, ಹೆಂಚಿನ ಸಂದಿಯಿಂದ ಬಿಸಿಗಾಳಿ ತಾನಾಗಿ ಹೊರಗೆ ಹೋಗುತ್ತದೆ, ಕೆಳಗಿನ ಮರದ ಮುಚ್ಚಿಗೆ ಉಳಿದ ಬಿಸಿಯನ್ನು ಅಲ್ಲೇ ನಿಲ್ಲಿಸುತ್ತದೆ. ಅಟ್ಟದಲ್ಲಿ ಅಡಿಕೆ ಚೀಲವನ್ನೋ ತೆಂಗಿನಕಾಯಿಯನ್ನೋ ಇಟ್ಟ ಮನೆಯವರು ತಮಗೆ ಅರಿವಿಲ್ಲದೆಯೇ ಇನ್ನೊಂದು ಪದರ ಸೇರಿಸುತ್ತಿದ್ದರು. ಈಚಿನ ಮನೆಗಳಲ್ಲಿ ಅಟ್ಟವೆಂದರೆ ಅಡುಗೆಮನೆಯ ಮೂಲೆಯಲ್ಲಿ ಹಳೆಯ ಪಾತ್ರೆ ತುಂಬುವ ಸಿಮೆಂಟಿನ ಹಲಗೆ. ಪದ ಉಳಿದಿದೆ, ಅದರ ಕೆಲಸ ಹೋಗಿದೆ.

ಈಗ ದರ್ಶನಕ್ಕೆ ಬರೋಣ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹೇಳುವ ಏಳು ತತ್ತ್ವಗಳಲ್ಲಿ ಜೀವ, ಅಜೀವಗಳಾದ ಮೇಲೆ ಬರುವುದು ಆಸ್ರವ: ಕರ್ಮ ಜೀವದೊಳಕ್ಕೆ ಹರಿದು ಬರುವುದು. ಆಮೇಲೆ ಬಂಧ, ಹರಿದು ಬಂದದ್ದು ಜೀವಕ್ಕೆ ಅಂಟಿಕೊಳ್ಳುವುದು. ಆಮೇಲೆ ಸಂವರ, ಅಂದರೆ ಆ ಹರಿವನ್ನು ತಡೆಯುವುದು. ಅದಾದ ಮೇಲಷ್ಟೇ ನಿರ್ಜರೆ, ಒಳಗೆ ಸೇರಿದ್ದನ್ನು ಉದುರಿಸುವುದು. ಈ ಅನುಕ್ರಮವನ್ನು ವಿವರಿಸಲು ಜೈನ ಗುರುಗಳು ಬಹುಕಾಲದಿಂದ ಬಳಸುವ ಹೋಲಿಕೆ ತೂತುಬಿದ್ದ ದೋಣಿಯದು. ತೂತಿನಿಂದ ನೀರು ನುಗ್ಗುವುದು ಆಸ್ರವ, ತೂತು ಮುಚ್ಚುವುದು ಸಂವರ, ತುಂಬಿದ ನೀರನ್ನು ಮೊಗೆದು ಚೆಲ್ಲುವುದು ನಿರ್ಜರೆ. ತೂತು ಮುಚ್ಚದೆ ಮೊಗೆಯುತ್ತ ಕೂತವನಿಗೆ ದಡ ಸಿಗುವುದಿಲ್ಲ, ಅವನ ದುಡಿಮೆ ಎಷ್ಟೇ ಪ್ರಾಮಾಣಿಕವಾಗಿರಲಿ. ಸಂವರವನ್ನು ವ್ಯಾಖ್ಯಾನಿಸುವಾಗ ಉಮಾಸ್ವಾತಿ ಬಳಸುವ ಪದ ನಿರೋಧ. ನಮ್ಮ ಎಂಜಿನಿಯರಿಂಗ್ ಪಠ್ಯಗಳು ಇನ್ಸುಲೇಶನ್ನಿಗೆ ಶಾಖನಿರೋಧಕ ಎಂದಾಗ ಅದೇ ಪದವನ್ನು ಎತ್ತಿಕೊಂಡಿವೆ. ಇದು ಕಾಕತಾಳೀಯ ಇರಬಹುದು. ಆದರೆ ಯೋಚನೆಯ ಕ್ರಮ ಒಂದೇ: ಮೊದಲು ಬರುವುದನ್ನು ನಿಲ್ಲಿಸು, ಆಮೇಲೆ ಬಂದದ್ದನ್ನು ತೆಗೆ. ಶಾಖದ ತಡೆ ಇಲ್ಲದ ಕೋಣೆಯಲ್ಲಿ ಏಸಿ ಓಡಿಸುವುದು ಸಂವರವಿಲ್ಲದ ನಿರ್ಜರೆ.

ಹೋಲಿಕೆಯಿಂದ ಧರ್ಮ ಸಿದ್ಧವಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸರಿಯಾದ ಆಕ್ಷೇಪ. ಕರ್ಮ ಶಾಖವಲ್ಲ, ಜೀವ ಕೋಣೆಯಲ್ಲ. ದೋಣಿಯ ಉಪಮೆ ಜಾಣ್ಮೆಯನ್ನು ಕಲಿಸುತ್ತದೆಯೇ ಹೊರತು ಮೊಗೆಯುವವನಿಗೆ ಪಾಪವಿದೆ ಎನ್ನುವುದಿಲ್ಲ. ಅದಕ್ಕೆ ಬೇರೆ ಆಧಾರ ಬೇಕು. ಆ ಆಧಾರ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿದೆ. ಅದು ಸನ್ಯಾಸಿಗಳಿಗಾಗಿ ಬರೆದ ಪುಸ್ತಕವಲ್ಲ. ಮನೆ, ಮಕ್ಕಳು, ವ್ಯಾಪಾರ ಇರುವ ಶ್ರಾವಕನಿಗಾಗಿ ಬರೆದದ್ದು, ಹಾಗಾಗಿ ಗೃಹಸ್ಥನ ಕಷ್ಟ ಅದಕ್ಕೆ ಗೊತ್ತು. ಗೃಹಸ್ಥ ಹಿಂಸೆಯಿಲ್ಲದೆ ಬದುಕಲಾರ, ಒಲೆ ಹೊತ್ತಿಸಲೇಬೇಕು, ನೆಲ ಅಗೆಯಲೇಬೇಕು. ಮನೆವಾರ್ತೆಯಲ್ಲಿ ತಪ್ಪಿಸಲಾಗದ ಈ ಬಗೆಯ ಹಿಂಸೆಗೆ ಜೈನ ಪರಂಪರೆ ಆರಂಭಿ ಹಿಂಸೆ ಎಂದು ಹೆಸರಿಟ್ಟು ಶ್ರಾವಕನಿಗೆ ವಿನಾಯಿತಿ ಕೊಟ್ಟಿದೆ. ಆದರೆ ಆ ವಿನಾಯಿತಿಗೆ ಒಂದು ಗಡಿ ಇದೆ. ಪ್ರಯೋಜನವಿಲ್ಲದೆ ಮಾಡುವ ಹಿಂಸೆಗೆ ಅನರ್ಥದಂಡ ಎಂದು ಹೆಸರು, ಅದನ್ನು ಬಿಡುವುದು ಶ್ರಾವಕ ಪಾಲಿಸಬೇಕಾದ ಗುಣವ್ರತಗಳಲ್ಲಿ ಒಂದು. ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯೂ ಸೇರಿದೆ. ಅದು ಏನೆಂದರೆ, ಫಲವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಾಳಿಯನ್ನು ಬೀಸುವುದು, ಗಿಡವನ್ನು ಕಡಿಯುವುದು. ಬೆಂಕಿ ಮತ್ತು ಗಾಳಿ. ಎಲ್ಲೋ ಕಲ್ಲಿದ್ದಲನ್ನು ಉರಿಸಿ ಇಲ್ಲಿ ಗಾಳಿಯನ್ನು ಬೀಸುವ ಯಂತ್ರದ ಬಗ್ಗೆ ಇದಕ್ಕಿಂತ ನೇರವಾಗಿ ಒಬ್ಬ ಪ್ರಾಚೀನ ಆಚಾರ್ಯ ಮಾತಾಡಲು ಸಾಧ್ಯವಿರಲಿಲ್ಲ.

ಹಾಗಾದರೆ ಏಸಿ ಹಾಕಿಕೊಳ್ಳುವುದೇ ಅನರ್ಥದಂಡವೇ? ಖಂಡಿತ ಅಲ್ಲ. ಎಂಬತ್ತು ದಾಟಿದ ಅಜ್ಜಿಗೆ, ಬಾಣಂತಿಗೆ, ಹೃದಯದ ಕಾಯಿಲೆಯವರಿಗೆ ಮೇ ತಿಂಗಳ ರಾತ್ರಿ ತಂಪು ಬೇಕು, ಅದು ಪ್ರಾಣದ ಪ್ರಶ್ನೆ. ಅಲ್ಲಿ ಉರಿಯುವ ಬೆಂಕಿಗೆ ಅರ್ಥವಿದೆ. ನಾನು ಕೇಳುವುದು ಆ ಬೆಂಕಿಯ ಯಾವ ಪಾಲಿಗೆ ಅರ್ಥವಿದೆ ಎಂದು. ಮೇಲಿನ ಲೆಕ್ಕವನ್ನೇ ನೆನೆಯಿರಿ: ಇಳಿಯುವ 1,100 ವ್ಯಾಟ್‌ಗಳಲ್ಲಿ 900ರಷ್ಟನ್ನು ಮಾಳಿಗೆಯ ಮೇಲೆಯೇ ನಿಲ್ಲಿಸಬಹುದಿತ್ತು. ಆ 900 ವ್ಯಾಟ್‌ಗಳನ್ನು ಹೊರಹಾಕಲು ಯಂತ್ರ ಪಡುವ ಶ್ರಮದಿಂದ ಅಜ್ಜಿಗೆ ಒಂದು ಎಳೆಯಷ್ಟೂ ಹೆಚ್ಚಿನ ತಂಪು ಸಿಗುವುದಿಲ್ಲ. ಬಾರದೇ ಇರಬಹುದಾಗಿದ್ದ ಶಾಖವನ್ನು ಬರಮಾಡಿಕೊಂಡು ಕಳುಹಿಸಿಕೊಟ್ಟ ಖರ್ಚು ಅದು. ಅರ್ಥದ ಪಕ್ಕದಲ್ಲೇ ಅನರ್ಥ ಒಂದೇ ಮೀಟರಿನಲ್ಲಿ, ಒಂದೇ ಬಿಲ್ಲಿನಲ್ಲಿ ಓಡುತ್ತಿರುತ್ತದೆ. ಶಾಖನಿರೋಧಕ ಮಾಡುವ ಕೆಲಸವೆಂದರೆ ಅವೆರಡನ್ನು ಬೇರ್ಪಡಿಸುವುದು.

ಆ ಅನರ್ಥದ ದಂಡ ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ಹತ್ತಿರದಿಂದ ನೋಡಬೇಕು. ಏಸಿ ಶಾಖವನ್ನು ಇಲ್ಲವಾಗಿಸುವುದಿಲ್ಲ, ಜಾಗ ಬದಲಿಸುತ್ತದೆ. ಸಾಧಾರಣ ಯಂತ್ರವೊಂದು ಒಂದು ಯೂನಿಟ್ ಕರೆಂಟ್ ಕುಡಿದು ಕೋಣೆಯಿಂದ ಮೂರು ಯೂನಿಟ್ ಶಾಖ ತೆಗೆದರೆ, ಹೊರಗೆ ಬಿಡುವುದು ನಾಲ್ಕು ಯೂನಿಟ್. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಎರಡು ಕಟ್ಟಡಗಳ ನಡುವೆ ಮೂರಡಿ ಸಂದಿ ಇರುತ್ತದೆ. ಒಂದು ಮನೆಯ ಹೊರಘಟಕ ಆ ಸಂದಿಯಲ್ಲಿ ನಿಂತು ಎದುರು ಮನೆಯ ಅಡುಗೆಮನೆಯ ಕಿಟಕಿಗೆ ನೇರವಾಗಿ ಊದುತ್ತಿರುತ್ತದೆ. ಆ ಕಿಟಕಿ ಮೊದಲು ಅರ್ಧ ಮುಚ್ಚುತ್ತದೆ, ಆಮೇಲೆ ಪೂರ್ತಿ ಮುಚ್ಚುತ್ತದೆ, ಕೆಲವು ಬೇಸಿಗೆ ಕಳೆದ ಮೇಲೆ ಅಲ್ಲೂ ಒಂದು ಹೊರಘಟಕ ಬರುತ್ತದೆ. ಇನ್ನೊಂದು ದಂಡ ದೂರದಲ್ಲಿ ಬೀಳುತ್ತದೆ. ರಾಜ್ಯದ ಕಲ್ಲಿದ್ದಲು ವಿದ್ಯುತ್ತಿನ ದೊಡ್ಡ ಸ್ಥಾವರಗಳಲ್ಲಿ ಮೂರು ಇರುವುದು ರಾಯಚೂರಿನ ಶಕ್ತಿನಗರ, ಯರಮರಸ್ ಮತ್ತು ಬಳ್ಳಾರಿಯ ಕುಡತಿನಿಯಲ್ಲಿ. ಶಕ್ತಿನಗರವೊಂದರದೇ ಸ್ಥಾಪಿತ ಸಾಮರ್ಥ್ಯ 1,720 ಮೆಗಾವ್ಯಾಟ್. ರಾಜ್ಯದಲ್ಲಿ ಬಿಸಿಲು ಅತಿ ಹೆಚ್ಚು ಸುಡುವ ಜಿಲ್ಲೆಗಳಲ್ಲಿ ಇವೂ ಸೇರಿವೆ. ಮೊದಲೇ ತಂಪಾಗಿರುವ ಊರಿನ ಕೋಣೆಯೊಂದನ್ನು ಇನ್ನಷ್ಟು ತಂಪಾಗಿಸಲು ಬೇಕಾದ ಬೆಂಕಿಯ ಒಂದು ಪಾಲು, 42 ಡಿಗ್ರಿಯಲ್ಲಿ ಬೇಯುವ ಊರಿನ ಪಕ್ಕದಲ್ಲಿ ಉರಿಯುತ್ತದೆ. ಹಾರುಬೂದಿಯೂ ಅಲ್ಲಿಯೇ ಉಳಿಯುತ್ತದೆ. ಇದನ್ನು ಅಂಕಿಅಂಶವಾಗಿ ಓದಿ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಒಬ್ಬನ ಒಂದು ಟನ್ನಿನ ಯಂತ್ರದಿಂದ ಭೂಮಿಗೆ ಏನಾಗುತ್ತದೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಪರಿಣಾಮವನ್ನು ಮಾತ್ರ ಅಳೆಯುವ ನೀತಿಶಾಸ್ತ್ರಕ್ಕೆ ಇದು ಗಟ್ಟಿ ಆಕ್ಷೇಪ. ಜೈನ ನೀತಿಗೆ ಅಷ್ಟಲ್ಲ. ಅಲ್ಲಿ ಹಿಂಸೆಯ ಮೂಲ ಪ್ರಮಾದ, ಅಂದರೆ ಎಚ್ಚರಗೇಡಿತನ. ಎಷ್ಟು ಜೀವ ಹೋಯಿತು ಎಂಬುದಕ್ಕಿಂತ ಮೊದಲು, ನೋಡಿ ನಡೆದೆಯಾ ಎಂದು ಅದು ಕೇಳುತ್ತದೆ. ನೋಡಿ ನಡೆದೂ ಕಾಲಡಿ ಇರುವೆ ಸಿಕ್ಕಿದರೆ ಆ ತಪ್ಪು ಬೇರೆ. ನೋಡದೆ ನಡೆದವನ ಕಾಲಡಿ ಏನೂ ಸಿಗದಿದ್ದರೂ ಅವನು ಪ್ರಮಾದಿ. ತನ್ನ ತಲೆಯ ಮೇಲಿನ ಸ್ಲ್ಯಾಬಿನಲ್ಲಿ ಏನಾಗುತ್ತಿದೆ ಎಂದು ಒಮ್ಮೆಯೂ ಯೋಚಿಸದೆ ರಿಮೋಟ್ ಒತ್ತುವುದು ಸಣ್ಣ ಪ್ರಮಾದವೇ ಸರಿ, ಆದರೆ ಪ್ರಮಾದ.

ಇದಕ್ಕಿಂತ ಆಳದ ಆಕ್ಷೇಪ ಸಂಪ್ರದಾಯದ ಒಳಗಿನಿಂದಲೇ ಬರುತ್ತದೆ. ಶೀತೋಷ್ಣಗಳು ಬಂದು ಹೋಗುವಂಥವು, ಸಹಿಸಿಕೋ ಎಂದು ಗೀತೆ ಅರ್ಜುನನಿಗೆ ಹೇಳುತ್ತದೆ. ಸಂವರವನ್ನು ವಿವರಿಸುವ ತತ್ತ್ವಾರ್ಥಸೂತ್ರದ ಅದೇ ಒಂಬತ್ತನೆಯ ಅಧ್ಯಾಯ ಗೆಲ್ಲಬೇಕಾದ 22 ಪರೀಷಹಗಳಲ್ಲಿ, ಅಂದರೆ ಸಹಿಸಬೇಕಾದ ಕಷ್ಟಗಳಲ್ಲಿ, ಉಷ್ಣವನ್ನೂ ಸೇರಿಸಿದೆ. ಹಾಗಿದ್ದರೆ ನಿಜವಾದ ಸಂವರ ಬಿಸಿಲನ್ನು ಸಹಿಸುವುದಲ್ಲವೇ? ಮಾಳಿಗೆಗೆ ಹಾಳೆ ಹಾಕುವುದೂ ಏಸಿ ಹಾಕುವುದೂ ದೇಹಸುಖದ ಎರಡು ಹೆಸರುಗಳಲ್ಲವೇ? ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಶ್ರವಣಬೆಳಗೊಳದ ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ನಡೆಯುವ ಮುನಿಯ ಮುಂದೆ ನಮ್ಮ ವಾದಗಳೆಲ್ಲ ಚಿಕ್ಕವು. ಆದರೆ ಪರೀಷಹದ ಜೀವಾಳ ಅದು ತಾನೇ ಆರಿಸಿಕೊಂಡದ್ದು ಎಂಬುದರಲ್ಲಿದೆ. ಮನೆಯ ಯಜಮಾನನ ಸಹನೆಯನ್ನು ತೊಟ್ಟಿಲ ಕೂಸು ಆರಿಸಿಕೊಂಡಿಲ್ಲ, ಹಗಲೆಲ್ಲ ಒಲೆಯ ಮುಂದೆ ನಿಂತು ರಾತ್ರಿ ಅದೇ ಸ್ಲ್ಯಾಬಿನಡಿ ಮಲಗುವ ಹೆಂಡತಿಯೂ ಆರಿಸಿಕೊಂಡಿಲ್ಲ. ಬೇರೆ ದಾರಿಯಿಲ್ಲದೆ ಸಹಿಸಿದ್ದಕ್ಕೂ ಸ್ವಲ್ಪ ಫಲವಿದೆ ಎಂದು ಜೈನರು ಒಪ್ಪುತ್ತಾರೆ, ಅದಕ್ಕೆ ಅಕಾಮ ನಿರ್ಜರೆ ಎನ್ನುತ್ತಾರೆ. ಆದರೆ ಇನ್ನೊಬ್ಬರಿಗೆ ಅಕಾಮ ನಿರ್ಜರೆ ದೊರಕಿಸಿಕೊಡುವುದು ಯಾರ ವ್ರತವೂ ಅಲ್ಲ. ಬೌದ್ಧ ಭಿಕ್ಷುವಿನ ನಿತ್ಯಚಿಂತನೆಯನ್ನೂ ಇಲ್ಲಿ ನೆನೆಯಬಹುದು: ವಸತಿಯನ್ನು ನಾನು ಬಳಸುವುದು ಚಳಿ, ಸೆಕೆ, ನೊಣ, ಸೊಳ್ಳೆ, ಗಾಳಿ, ಬಿಸಿಲುಗಳನ್ನು ತಡೆಯಲು ಎಂದು ಅವನು ಪ್ರತಿಸಲ ತನಗೆ ತಾನೇ ಹೇಳಿಕೊಳ್ಳಬೇಕು. ಸರ್ವಸ್ವ ತೊರೆದವನಿಗೂ ಸೂರಿನ ಮೊದಲ ಕೆಲಸ ತಡೆಯುವುದೇ.

ಇನ್ನು ತಡೆಯ ವಸ್ತುವಿನ ಮೇಲಿನ ಆಕ್ಷೇಪಗಳು. ಥರ್ಮೊಕೋಲ್ ಪೆಟ್ರೋಲಿಯಂನಿಂದ ಬರುವ ವಸ್ತು, ಬೆಂಕಿಗೆ ಬೇಗ ಹತ್ತುತ್ತದೆ, ಸಾವಿರ ವರ್ಷ ಕೊಳೆಯುವುದಿಲ್ಲ ಎನ್ನುವವರಿದ್ದಾರೆ. ಸಾವಿರದ ಲೆಕ್ಕ ಬಿಟ್ಟರೆ ಉಳಿದದ್ದು ನಿಜ. ಅದರ ಮೇಲೆ ಸಿಮೆಂಟಿನ ಹೊದಿಕೆ ಬೇಕೇ ಬೇಕು, ಅಟ್ಟದೊಳಗೆ ಬರಿದೇ ಬಿಡುವುದು ಅಪಾಯ. ಹಾಗೆಂದು ಮಣ್ಣೇ ನಿರ್ದೋಷಿ ಎಂದು ಹಾಡುವುದೂ ಸಲ್ಲ. ವರ್ಷವರ್ಷ ಮಳೆಗಾಲಕ್ಕೆ ಮುನ್ನ ಮಣ್ಣು ಅಗೆದು ಮಾಳಿಗೆಗೆ ಹಾಕುವುದರಲ್ಲಿ ಇರುವೆ, ಗೆದ್ದಲುಗಳ ಲೆಕ್ಕವಿದೆ. ಮನುಷ್ಯರ ಲೆಕ್ಕವೂ ಇದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕದ ಊರೂರುಗಳಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಅದನ್ನು ಕಂಡವರು ಸ್ಲ್ಯಾಬಿನ ಮನೆ ಬೇಕೆಂದರೆ ಅವರನ್ನು ಹಳೆಯ ಜ್ಞಾನ ಮರೆತವರೆಂದು ದೂರುವ ಹಕ್ಕು ಯಾರಿಗೂ ಇಲ್ಲ. ನಾನು ಹೇಳುವುದಿಷ್ಟೇ: ಸ್ಲ್ಯಾಬು ಮಳೆಯನ್ನು ತಡೆಯಿತು, ಬಿಸಿಲನ್ನು ತಡೆಯುವ ಕೆಲಸ ಬಾಕಿ ಉಳಿಯಿತು. ಆ ಬಾಕಿಯನ್ನು ಒಡೆದ ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ, ಬೆಳ್ಳಗಿನ ಹಂಚಿನ ಚೂರುಗಳಿಂದ, ಹಾಳೆಯಿಂದ, ಏನಿಲ್ಲವೆಂದರೆ ಪ್ರತಿ ಯುಗಾದಿಗೆ ಹೊಡೆಯುವ ಸುಣ್ಣದಿಂದಲಾದರೂ ತೀರಿಸಬಹುದು. ತಡೆಯನ್ನು ಸ್ಲ್ಯಾಬಿನ ಕೆಳಗಲ್ಲ, ಮೇಲೆ ಹಾಕುವುದು ಮೇಲು. ಕೆಳಗೆ ಹಾಕಿದರೆ ಸ್ಲ್ಯಾಬು ಇಡೀ ದಿನ ಕಾಯುತ್ತಲೇ ಇರುತ್ತದೆ. ಬೇಲಿ ಇರಬೇಕಾದದ್ದು ಹೊಲದ ಅಂಚಿನಲ್ಲಿ, ಬೆಳೆಯ ನಡುವೆ ಅಲ್ಲ. ಒಳಗೆ ಹುಟ್ಟಿದ ಬಿಸಿಯನ್ನೂ ಅದೇ ತಡೆ ಹಿಡಿದಿಡುತ್ತದೆ ಎಂಬುದೂ ನಿಜ. ಅದಕ್ಕಾಗಿ ರಾತ್ರಿ ಕಿಟಕಿ ತೆರೆಯಬೇಕು, ಗವಾಕ್ಷಿ ಬಿಡಬೇಕು. ಸಂವರವಾದ ಮೇಲೂ ನಿರ್ಜರೆ ಬೇಕೆಂದು ತತ್ತ್ವಗಳ ಪಟ್ಟಿಯೇ ಹೇಳುತ್ತದಲ್ಲ.

ಇಲ್ಲಿಯವರೆಗಿನ ಮಾತೆಲ್ಲ ಸ್ಲ್ಯಾಬ್ ಇರುವವರಿಗೆ, ಏಸಿ ಕೊಳ್ಳಬಲ್ಲವರಿಗೆ ಹೇಳಿದ್ದು. ತಗಡಿನ ಕೆಳಗೆ ಬದುಕುವವರಿಗೆ ಅನರ್ಥದಂಡದ ಉಪದೇಶ ಮಾಡುವುದು ಕ್ರೌರ್ಯ. ಅವರು ಯಾವ ಬೆಂಕಿಯನ್ನೂ ವ್ಯರ್ಥವಾಗಿ ಉರಿಸುತ್ತಿಲ್ಲ, ಬೇರೆಯವರ ಬೆಂಕಿಯ ಕೆಳಗೆ ಕೂತಿದ್ದಾರೆ. ಅವರ ವಿಷಯದಲ್ಲಿ ಶ್ರಾವಕಾಚಾರ ಬಳಸುವ ಪದ ಬೇರೆ. ಸಮಂತಭದ್ರರು ದಾನವನ್ನು ನಾಲ್ಕು ಬಗೆಯಾಗಿ ಹೇಳುವಾಗ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನೂ ಸೇರಿಸುತ್ತಾರೆ. ಅವರು ಉದ್ದೇಶಿಸಿದ್ದು ಮುಖ್ಯವಾಗಿ ಮುನಿಗಳಿಗೆ ಕೊಡುವ ವಸತಿಯನ್ನು, ಅದು ನನಗೆ ಗೊತ್ತು. ಆದರೂ ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಡುವ ನಾಡಿನಲ್ಲಿ ತಂಪು ಕೊಡುವುದು ಪುಣ್ಯವೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಒಂದು ಮಡಕೆ ನೀರು ಇಡುವ ಭಕ್ತಿಯನ್ನು ಒಂದು ತಗಡಿನ ಸೂರಿಗೆ ವಿಸ್ತರಿಸಬಹುದು: ತಗಡಿನ ಮೇಲೆ ಬಿಳಿಯ ಬಳಿತ, ಅದರ ಮೇಲೆ ಒಂದು ಗೇಣು ಗಾಳಿ ಆಡುವಂತೆ ತೆಂಗಿನ ಗರಿಯ ಅಥವಾ ತೊಗರಿ ಕಟ್ಟಿಗೆಯ ಚಪ್ಪರ, ಕೆಳಗೆ ಒಂದು ಮುಚ್ಚಿಗೆ. ಕಲಬುರಗಿ, ರಾಯಚೂರು, ಬೀದರುಗಳ ಪಕ್ಕದ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗಳಿಗಾಗಿಯೇ ಒಂದು ನೀತಿಯನ್ನು ತಂದು, ಸರ್ಕಾರ ಬಡವರಿಗೆ ಕಟ್ಟಿಕೊಡುವ ಮನೆಗಳನ್ನೂ ಅದರೊಳಗೆ ಸೇರಿಸಿತು. ಗಡಿಯ ಆಚೆಗೂ ಈಚೆಗೂ ಬಿಸಿಲು ಒಂದೇ. ನಮ್ಮ ಮಠಗಳು, ಬಸದಿಗಳು, ದೇವಸ್ಥಾನಗಳು ಹೊಸ ಸಭಾಭವನಕ್ಕೆ ಏಸಿ ಕೂರಿಸುವ ಮುನ್ನ, ತಮ್ಮ ಬೀದಿಯ ಹತ್ತು ತಗಡಿನ ಮನೆಗಳ ಸೂರನ್ನು ನೋಡಿ ಬರಲಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ತಡೆ ಹಾಕಿಯಾಯಿತು, ಯಂತ್ರ ಆಮೇಲೆ ಬಂತು ಎಂದುಕೊಳ್ಳೋಣ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ: ಎಷ್ಟು ತಂಪು? 2020ರ ಜನವರಿಯಿಂದ ದೇಶದಲ್ಲಿ ಮಾರಾಟವಾಗುವ ಕೋಣೆ ಏಸಿಗಳು ಚಾಲೂ ಮಾಡಿದಾಗ 24 ಡಿಗ್ರಿಗೇ ನಿಲ್ಲುವಂತೆ ಇರಬೇಕೆಂದು ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು. ಅದನ್ನು ಮೇಲೆ ಕೆಳಗೆ ಮಾಡುವ ಗುಂಡಿ ಮನೆಯವರ ಕೈಯಲ್ಲೇ ಇದೆ. ಕಾನೂನು ಅಲ್ಲಿಗೆ ನಿಲ್ಲುತ್ತದೆ, ಭೋಗೋಪಭೋಗ ಪರಿಮಾಣವೆಂಬ ಗುಣವ್ರತ ಅಲ್ಲಿಂದ ಶುರುವಾಗುತ್ತದೆ. ಆ ವ್ರತದಲ್ಲಿ ನನಗೆ ಬಹಳ ಹಿಡಿಸುವ ಸಂಗತಿಯೆಂದರೆ ಅದರ ಕಾಲದ ಲೆಕ್ಕ. ಹಾಸಿಗೆ, ವಾಹನ, ಊಟ, ಸ್ನಾನಗಳಂಥ ಭೋಗಗಳಿಗೆ ಮಿತಿ ಹಾಕಿಕೊಳ್ಳುವವನು ಬದುಕಿಡೀ ಎಂದು ಶಪಥ ಮಾಡಲೇಬೇಕೆಂದಿಲ್ಲ. ಒಂದು ಹಗಲಿಗೆ, ಒಂದು ರಾತ್ರಿಗೆ, ಪಕ್ಷಕ್ಕೆ, ಮಾಸಕ್ಕೆ, ಋತುವಿಗೆ ಎಂದು ನಿಯಮ ತೆಗೆದುಕೊಳ್ಳಬಹುದು. ಚೈತ್ರ, ವೈಶಾಖ ಎರಡು ತಿಂಗಳು ಯಂತ್ರ 27ರಿಂದ ಕೆಳಗಿಳಿಯದು, ಅದರ ಜೊತೆ ಫ್ಯಾನು ತಿರುಗಲಿ, ಕಾಯಿಲೆಯವರಿದ್ದರೆ ಅವರ ಕೋಣೆಗೆ ಈ ನಿಯಮ ಇಲ್ಲ ಎಂದು ಒಂದು ಮನೆಯವರು ಕೂತು ಮಾತಾಡಿ ತೀರ್ಮಾನಿಸಬಹುದು. ಮಾಳಿಗೆಗೆ ಸುಣ್ಣ ಹೊಡೆದ ದಿನವೇ ಅದನ್ನು ಹಿಡಿದರೆ, ಮೃಗಶಿರಾ ಮಳೆ ಹತ್ತಿರವಾಗುವ ಹೊತ್ತಿಗೆ ಆ ನಿಯಮ ಮುಗಿಯುತ್ತದೆ.